ಮೂರು ಪ್ರತಿ, ಮೂರು ಹೆಬ್ಬೆಟ್ಟು

ಅತ್ತೆಗೆ ಕೂರಲು ಒಂದು ಕುರ್ಚಿ ಇರಲಿಲ್ಲ. ತೆರಿಗೆ ಇಲಾಖೆಯ ಲೆಕ್ಕದಲ್ಲಿ ಅವಳಿಗೊಂದು ಕಂಪನಿ ಇತ್ತು.

ಅತ್ತೆ ಅಂದರೆ ನಮ್ಮಪ್ಪನ ತಂಗಿ. ಅವಳೂ ನಾನೂ ಗೋಣಿಚೀಲದ ಗೋದಾಮಿನಲ್ಲಿ ಕೆಲಸದವರು. ಒಟ್ಟು ಒಂಬತ್ತು ಹೆಂಗಸರು. ಹರಿದ ಚೀಲ ಲಾರಿಯಲ್ಲಿ ಬಂದು ಬೀಳುತ್ತದೆ. ಕೊಡವಬೇಕು, ಒಳಗನ್ನು ಹೊರಗೆ ಮಾಡಬೇಕು, ತೂತು ಹುಡುಕಬೇಕು, ದಬ್ಬಳಕ್ಕೆ ಸುತಳಿ ಪೋಣಿಸಿ ತೇಪೆ ಹಾಕಬೇಕು. ಸುಣ್ಣದ ಚೀಲವಾದರೆ ಅಂಗೈ ಬಿರಿಯುತ್ತದೆ. ಒಣಮೆಣಸಿನಕಾಯಿ ಚೀಲವಾದರೆ ಕಣ್ಣು, ಮೂಗು, ಗಂಟಲು ಯಾವುದೂ ನಮ್ಮ ಮಾತು ಕೇಳುವುದಿಲ್ಲ. ದಬ್ಬಳ ಜಾರಿದರೆ ಹೊಲಿಗೆ ಕೈಗೇ ಬೀಳುತ್ತದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ಅಜ್ಜಿಯ ಬಲ ಹೆಬ್ಬೆರಳನ್ನು ದಬ್ಬಳ ಎಂದೋ ಸೀಳಿತ್ತು. ಅವಳು ಹೆಬ್ಬೆಟ್ಟು ಒತ್ತಿದರೆ ನಡುವೆ ಓರೆಯಾಗಿ ಒಂದು ಬಿಳಿ ಗೆರೆ ಬೀಳುತ್ತಿತ್ತು, ಬೈತಲೆಯ ಹಾಗೆ.

ನೂರು ಚೀಲಕ್ಕೆ ಇಷ್ಟು ಅಂತ ಕೂಲಿ. ಎದ್ದರೆ ಚೀಲ ಕಡಿಮೆ. ಉಚ್ಚೆ ಬಂದರೂ ಬಿಗಿಹಿಡಿದು ಕೂರುತ್ತಿದ್ದೆವು. ಹೀಗಾಗಿ ನಮ್ಮಲ್ಲಿ ಒಂದು ಪದ್ಧತಿ ಬಿದ್ದಿತ್ತು. ಕೂಲಿ ದಿನ ಸಾಹುಕಾರ ಬಾಗಿಲಲ್ಲಿ ಪಟ್ಟಿ ಬಿಚ್ಚಿ ಕೂರುತ್ತಾನೆ. ಒಂಬತ್ತು ಹೆಬ್ಬೆಟ್ಟು ಬೇಕು. ಅದಕ್ಕೆ ಒಂಬತ್ತು ಜನ ಏಳುವುದುಂಟೆ? ಯಾರಿಗೆ ನೀರು ಕುಡಿಯಬೇಕೋ ಅವಳು ಎದ್ದು ಒಂಬತ್ತನ್ನೂ ಒತ್ತಿ ಬರುತ್ತಾಳೆ. ನಮಗೆ ಹೆಬ್ಬೆಟ್ಟೂ ನೀರಿನ ಚೊಂಬೂ ಒಂದೇ. ಯಾರ ಕೈ ಖಾಲಿಯೋ ಅವರು ಎತ್ತಬೇಕು. ಹತ್ತನೇ ಕ್ಲಾಸು ಪಾಸಾಗಿ, ಬರೆಯಲು ಬರುವ ನನ್ನ ಹೆಸರಿನ ಮುಂದೆಯೂ ಯಾವಳದೋ ಹೆಬ್ಬೆಟ್ಟೇ ಇರುತ್ತಿತ್ತು. ಸಾಹುಕಾರ ಕಂಡೂ ಕಾಣದ ಹಾಗೆ ಇರುತ್ತಿದ್ದ. ಅವನಿಗೂ ಬೇಗ ಮುಗಿದರೆ ಸಾಕು.

ನಮಗೊಂದು ಆಸೆ ಇತ್ತು. ಚೀಲ ಹೊಲಿಯುವ ಕೈ ಮಷೀನು ಕೊಳ್ಳುವುದು. ಮರದ ಡಿಪೋ ಹಿಂದಿನ ಸಣ್ಣ ಶೆಡ್ಡನ್ನು ಬಾಡಿಗೆಗೆ ಹಿಡಿಯುವುದು. ನಮ್ಮ ಚೀಲ ನಾವೇ ತಂದು ನಾವೇ ಹೊಲಿಯುವುದು. ಏಳಬೇಕು ಅನ್ನಿಸಿದಾಗ ಏಳುವುದು. ಅದಕ್ಕೆ ಕೂಲಿಯಲ್ಲಿ ಮಿಗಿಸಿ ಮಿಗಿಸಿ ಕೂಡಿಟ್ಟಿದ್ದೆವು. ಖಾತೆ ಅತ್ತೆಯ ಹೆಸರಲ್ಲಿತ್ತು. ಶೆಡ್ಡಿನವನಿಗೆ ಮುಂಗಡ ಕೊಡಲು ಹಣ ತೆಗೆಯಲು ಹೋದಾಗ ಬ್ಯಾಂಕಿನವನು ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದ.

"ನಿಮ್ಮ ಖಾತೆಗೆ ಬೀಗ ಬಿದ್ದಿದೆ. ತೆರಿಗೆ ಬಾಕಿ. ನಿಮ್ಮ ಕಂಪನೀದು."

"ಯಾವ ಕಂಪನಿ?"

"ನಿಮ್ಮದೇ ಅಮ್ಮ. ಕಬ್ಬಿಣದ ವ್ಯಾಪಾರ."

ಅತ್ತೆಯ ಹತ್ತಿರ ಇದ್ದ ಕಬ್ಬಿಣ ಒಂದು ದಬ್ಬಳ.

ಗೋದಾಮಿಗೆ ಬಂದು ಹೇಳಿದಾಗ ಅಳಬೇಕಿತ್ತು. ನಕ್ಕುಬಿಟ್ಟೆವು. ಧೂಳು ಕಂಡರೆ ಸಾಲಾಗಿ ಸೀನುವ ಸೀನಕ್ಕ ಎದ್ದು ನಿಂತು ಕೈಮುಗಿದಳು. "ಓನರಮ್ಮ, ನಮಸ್ಕಾರ. ಸಂಬಳ ಯಾವಾಗ ಏರಿಸ್ತೀರಿ?"

"ಮೊದಲು ಕೂತ್ಕೋ. ನೂರಕ್ಕೆ ಹತ್ತು ಕಡಿಮೆ ಹೊಲಿದಿದ್ದೀಯ, ಕೆಲಸದಿಂದ ತೆಗೀತೀನಿ," ಅಂದಳು ಅತ್ತೆ.

"ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ," ಅಂದಳು ಅಜ್ಜಿ. "ಇವಳಿಗೆ ಐಶ್ವರ್ಯ ಬಂದಿದ್ದು ಇವಳಿಗೇ ಗೊತ್ತಿಲ್ಲ. ಕೊಡೆ ಇನ್ಯಾವನೋ ಹಿಡಿದಿದಾನೆ."

ಯಾರು ಹಿಡಿದದ್ದು ಅಂತ ಯೋಚಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಹಿಂದೊಮ್ಮೆ ಸಾಹುಕಾರನ ಭಾವಮೈದ ಬಂದು ಎಲ್ಲರ ಗುರುತಿನ ಚೀಟಿ ಕೇಳಿ ತೆಗೆದುಕೊಂಡಿದ್ದ. ಕೈಗೆ ದಬ್ಬಳ ಚುಚ್ಚಿದರೆ ವಿಮೆ ಹಣ ಬರುತ್ತದೆ ಅಂದಿದ್ದ. ಒಂದು ಕಟ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಆಮೇಲೆ ಬೇಕಾದಷ್ಟು ಸಲ ಚುಚ್ಚಿತು. ವಿಮೆ ಬರಲಿಲ್ಲ. ಭಾವಮೈದನೂ ಬರಲಿಲ್ಲ.

ಸಾಹುಕಾರನನ್ನು ಕೇಳಿದೆವು. "ನನಗೇನಮ್ಮ ಗೊತ್ತು? ಅವನು ಊರು ಬಿಟ್ಟು ಎಷ್ಟೋ ಕಾಲ ಆಯ್ತು. ಸುಮ್ನೆ ಇದ್ದುಬಿಡಿ. ಬಡವರ ಹತ್ರ ಏನು ಕಿತ್ಕೋತಾರೆ?"

"ಕಿತ್ಕೊಂಡಾಯ್ತಲ್ಲ," ಅಂದಳು ಅತ್ತೆ.

ತೆರಿಗೆ ಆಫೀಸಿಗೆ ಹೋದೆವು. ಅಲ್ಲಿ ವಿಚಾರಣೆ ಯಾವತ್ತೋ ಮುಗಿದಿತ್ತು. ನೋಟೀಸು ಕಂಪನಿಯ ವಿಳಾಸಕ್ಕೆ ಹೋಗಿತ್ತು. ಯಾರೂ ಹಾಜರಾಗಲಿಲ್ಲ, ತೀರ್ಮಾನ ಅತ್ತೆಯ ವಿರುದ್ಧ. ಆ ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿದ್ದದ್ದು ಸಾರ್ವಜನಿಕ ಶೌಚಾಲಯ. ಅಜ್ಜಿ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡಳು. "ನೋಟೀಸು ಸರಿಯಾದ ಜಾಗಕ್ಕೇ ಬಂದಿದೆ ಬಿಡ್ರೇ." ರಸ್ತೆಯಲ್ಲಿ ಹೋಗುವವರು ನಮ್ಮನ್ನು ತಿರುಗಿ ನೋಡುವಷ್ಟು ನಕ್ಕೆವು. ನಗುತ್ತಾ ನಗುತ್ತಾ ಹೊಸಬಳಿಗೆ ಬಿಕ್ಕಳಿಕೆ ಹತ್ತಿತು. ಹೊಸಬಳು ಅಂದರೆ ನಮ್ಮಲ್ಲಿ ಕೊನೆಗೆ ಸೇರಿದವಳು. ಅವಳಿಗೆ ಬಿಕ್ಕಳಿಕೆ ಹತ್ತಿದರೆ ಸಂಜೆಯವರೆಗೆ ಬಿಡುವುದಿಲ್ಲ.

ಉಳಿದಿದ್ದು ಒಂದೇ ದಾರಿ. ತೆರಿಗೆ ನ್ಯಾಯಮಂಡಳಿಗೆ ಮೇಲ್ಮನವಿ.

ನ್ಯಾಯಮಂಡಳಿ ಇದ್ದದ್ದು ನುಣುಪು ನೆಲದ ಕಟ್ಟಡದಲ್ಲಿ. ಕೌಂಟರಿನ ಗುಮಾಸ್ತ ನಮ್ಮನ್ನು ನೋಡಿದ ಕೂಡಲೇ ಮುಂದಿದ್ದ ಕಾಗದಗಳ ಮೇಲೆ ಇನ್ನೊಂದು ಕಾಗದ ಮುಚ್ಚಿದ.

"ಸ್ವಲ್ಪ ಹಿಂದೆ ನಿಂತ್ಕೊಳ್ಳಿ. ಧೂಳು ಬೀಳುತ್ತೆ."

ಹಿಂದೆ ನಿಂತೆವು.

"ಇನ್ನೂ ಹಿಂದೆ."

ಹಳದಿ ಗೆರೆಯ ಆಚೆ ನಿಂತು ಕೂಗಿ ಮಾತಾಡಬೇಕಾಯಿತು. ಅವನೂ ಕೂಗಿದ. ಮೇಲ್ಮನವಿಗೆ ನಿಗದಿತ ನಮೂನೆ ಇದೆ. ಅದರಲ್ಲೇ ಕೊಡಬೇಕು. ಬಿಳಿ ಹಾಳೆಯಲ್ಲಿ ಬರೆದು ತಂದರೆ ನಡೆಯಲ್ಲ. ಮೂರು ಪ್ರತಿ. ಪ್ರತಿಯೊಂದಕ್ಕೂ ಕೆಳಗಿನ ಆಫೀಸಿನ ಆದೇಶದ ನಕಲು. ತಡವಾಗಿದ್ದಕ್ಕೆ ಕ್ಷಮೆ ಕೇಳುವ ಅರ್ಜಿ ಬೇರೆ. ಶುಲ್ಕ ಕಟ್ಟಿದ ರಸೀದಿ ಬೇರೆ.

"ನಾವ್ಯಾಕೆ ಕ್ಷಮೆ ಕೇಳ್ಬೇಕು?" ಅಂದಳು ಅತ್ತೆ. "ನೋಟೀಸನ್ನ ಕಕ್ಕಸಿಗೆ ಕಳಿಸಿದ್ದು ಅವರು."

"ಕೇಳದಿದ್ರೆ ಒಳಗೆ ತಗೊಳ್ಳಲ್ಲ."

ಕ್ಷಮೆಗೂ ನಮೂನೆ ಇತ್ತು. ಅಲ್ಲೇ ಬೆಂಚಿನ ತುದಿಯಲ್ಲಿ ಕೂತು ತುಂಬಲು ಶುರುಮಾಡಿದೆ. ಕಾವಲಿನವನು ಓಡಿಬಂದು ನಾನು ಕೂತಿದ್ದ ಕಡೆ ಹಳೆ ಪೇಪರು ಹಾಸಿದ. ನನ್ನನ್ನು ಎಬ್ಬಿಸಿ ಹಾಸಿದ. ಮತ್ತೆ ಕೂರಿಸಿದ. ಅತ್ತೆಗೆ ಅದೂ ಇಲ್ಲ, ನೆಲದ ಮೇಲೆ ಕೂತಳು. ಆಗ ನೆಲಕ್ಕೂ ಪೇಪರು ಬಂತು.

ನಮೂನೆಯಲ್ಲಿ ಒಂದು ಕಾಲಮ್ಮು ಇತ್ತು: ಮೇಲ್ಮನವಿಯ ಆಧಾರಗಳು. ಅದೇನೆಂದು ಹಳದಿ ಗೆರೆಯ ಈಚೆಯಿಂದ ಕೇಳಿದೆ.

"ಕಾರಣ ಬರೀಬೇಕು. ಸಂಕ್ಷಿಪ್ತವಾಗಿ. ವಾದ ಇರಬಾರದು, ಕಥೆ ಇರಬಾರದು. ಒಂದೊಂದಕ್ಕೂ ನಂಬರ್ ಇರಬೇಕು."

"ವಾದಾನೂ ಇಲ್ಲ, ಕಥೇನೂ ಇಲ್ಲ ಅಂದ್ರೆ ಇನ್ನೇನಿರುತ್ತೆ ಸ್ವಾಮಿ?" ಅತ್ತೆ ಕೇಳಿದಳು.

"ನಂಬರ್ ಇರುತ್ತೆ."

ಬರೆದೆ. ಒಂದು, ಕಂಪನಿ ನನ್ನದಲ್ಲ. ಎರಡು, ಕಬ್ಬಿಣ ನನ್ನದಲ್ಲ. ಮೂರು, ಬ್ಯಾಂಕಿನ ಹಣ ಮಾತ್ರ ನನ್ನದು, ನನ್ನೊಬ್ಬಳದೂ ಅಲ್ಲ. ಗುಮಾಸ್ತ ದೂರದಿಂದಲೇ ಓದಿ, ಮೂರನೆಯದರಲ್ಲಿ ಸ್ವಲ್ಪ ಕಥೆ ಬಂದಿದೆ ಅಂದ. ಹೊಡೆದುಹಾಕಿದೆ.

ಕೊನೆಗೆ ಅಚ್ಚಾದ ಒಂದು ವಾಕ್ಯ. "ಮೇಲ್ಕಂಡ ಸಂಸ್ಥೆಯ ಮಾಲೀಕಳಾದ/ಮಾಲೀಕನಾದ ನಾನು ಮೇಲೆ ಹೇಳಿರುವುದೆಲ್ಲ ನಿಜವೆಂದು ದೃಢೀಕರಿಸುತ್ತೇನೆ." ಅದರ ಕೆಳಗೆ ಸಹಿಯ ಜಾಗ.

"ಇಲ್ಲಿ ಮಾಲೀಕಳಾದ ಅಂತಿದೆ. ಮಾಲೀಕಳಲ್ಲ ಅಂತಲೇ ಅಲ್ವಾ ನಾವು ಬಂದಿರೋದು? ಇದನ್ನ ಹೊಡೆದುಹಾಕ್ಲಾ?"

"ಮುಟ್ಟಬೇಡಿ! ನಿಗದಿತ ನಮೂನೆ. ಅಚ್ಚಿಗೆ ಕೈ ಹಾಕಿದ್ರೆ ನಮೂನೆನೇ ಅಲ್ಲ ಅದು. ಇರ್ಲಿ ಬಿಡಿ, ಅದನ್ನ ಯಾರೂ ಓದಲ್ಲ."

ಅಂದರೆ ನಾನು ಮಾಲೀಕಳಲ್ಲ ಅಂತ ಹೇಳಲು ಮೊದಲು ನಾನು ಮಾಲೀಕಳು ಅಂತ ಹೇಳಬೇಕು. ಗೋದಾಮಿಗೆ ಬಂದು ಇದನ್ನು ಓದಿ ಹೇಳಿದೆ. ಅವತ್ತು ಮೆಣಸಿನಕಾಯಿ ಲೋಡು. ಸೀನುತ್ತಾ ನಕ್ಕರು, ನಗುತ್ತಾ ಸೀನಿದರು. "ಸತ್ತಿಲ್ಲ ಅಂತ ಅರ್ಜಿ ಕೊಡೋಕೆ ಮೊದಲು ಸತ್ತು ತೋರಿಸು ಅಂದ್ರಂತೆ," ಅಂದಳು ಅಜ್ಜಿ. ಮೂರು ಪ್ರತಿಯನ್ನೂ ಮಸಿ ಪ್ಯಾಡನ್ನೂ ಅಲ್ಲೇ ಬಿಟ್ಟು, ಅತ್ತೆಯ ಹೆಬ್ಬೆಟ್ಟು ಬೇಕು ಅಂತ ಹೇಳಿ, ನಾನು ಶುಲ್ಕ ಕಟ್ಟಲು ಓಡಿದೆ. ಬಂದು ನೋಡಿದರೆ ಮೂರಕ್ಕೂ ಹೆಬ್ಬೆಟ್ಟು ಬಿದ್ದಿತ್ತು. ಕೊಟ್ಟು ಬಂದೆ.

ಅತ್ತೆಯ ಎರಡೂ ಕೈ ಮೆಣಸಿನಕಾಯಿ ಚೀಲದೊಳಗಿದ್ದವು ಅಂತ ನನಗೆ ಆಮೇಲೆ ಗೊತ್ತಾಯಿತು. ಒಂದನ್ನು ಸೀನಕ್ಕ ಒತ್ತಿದ್ದಳು. ಒಂದನ್ನು ಹೊಸಬಳು. ಒಂದನ್ನು ಬಾಗಿಲ ಹತ್ತಿರ ಕೂರುವ ಉದ್ದನೆಯವಳು. ಯಾರ ಕೈ ಖಾಲಿಯೋ ಅವರು. ಅವರ ಪ್ರಕಾರ ಕೆಲಸ ಚೊಕ್ಕವಾಗಿತ್ತು. ಮೂರು ಕಾಗದ, ಮೂರು ಜನ, ಯಾರಿಗೂ ಹೊರೆಯಿಲ್ಲ.

ನ್ಯಾಯಮಂಡಳಿಯಿಂದ ಕಾಗದ ಬಂತು. ಈ ಸಲ ಶೌಚಾಲಯಕ್ಕಲ್ಲ, ಮನೆಗೇ. ಮೂರು ಪ್ರತಿಗಳಲ್ಲಿ ಮೂರು ಬೇರೆ ಬೇರೆ ಹೆಬ್ಬೆಟ್ಟು ಇರುವುದು ಕಂಡುಬಂದಿದೆ. ಮೇಲ್ಮನವಿದಾರಳೂ ಹೆಬ್ಬೆಟ್ಟು ಒತ್ತಿದವರೂ ಖುದ್ದಾಗಿ ಹಾಜರಾಗಬೇಕು.

"ಅಯ್ಯೋ, ಅದನ್ನೂ ನೋಡ್ತಾರಾ?" ಸೀನಕ್ಕನಿಗೆ ನಿಜವಾಗಿ ಆಶ್ಚರ್ಯ. "ಸಾಹುಕಾರ ಒಂದಿನಾನೂ ನೋಡ್ಲಿಲ್ಲ."

ನಾಲ್ವರು ಹೋದರೆ ಸಾಕಿತ್ತು. ದುಡ್ಡು ಎಲ್ಲರದು, ಎಲ್ಲರೂ ಹೊರಟೆವು. ಬೆಳಗಿನ ಲೋಡು ಮುಗಿಸಿಯೇ ಎದ್ದೆವು. ಅವತ್ತೂ ಮೆಣಸಿನಕಾಯಿಯೇ. ಸಾಹುಕಾರ ಬಾಗಿಲಿಗೆ ಅಡ್ಡ ನಿಂತ.

"ಒಂಬತ್ತೂ ಜನ ಒಟ್ಟಿಗೆ ಎದ್ದು ಹೋಗೋದು ಅಂದ್ರೇನು? ಮಧ್ಯಾಹ್ನದ ಲಾರಿಗೆ ಯಾರು? ಹೋದ್ರೆ ವಾಪಸ್ ಬರಬೇಡಿ, ಹೇಳಿದೀನಿ."

"ನಮ್ಮ ಓನರಮ್ಮ ರಜೆ ಕೊಟ್ಟಿದಾರೆ," ಅಂದಳು ಸೀನಕ್ಕ. ಅವನ ಪಕ್ಕದಿಂದ ನುಸುಳಿ ಹೋದೆವು. ಬೆಳಕಿರುವಾಗ ಒಂಬತ್ತೂ ಜನ ಒಟ್ಟಿಗೆ ಆ ಬಾಗಿಲು ದಾಟಿದ್ದು ನಮಗೆ ನೆನಪಿರಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತು. ಹೊಸಬಳು ಕುಣಿದೇಬಿಟ್ಟಳು. ಅಜ್ಜಿ ಬೈದಳು. ಬೈಯುತ್ತಲೇ ಅವಳೂ ಎರಡು ಹೆಜ್ಜೆ ಹಾಕಿದಳು.

ವಿಚಾರಣೆಯ ಹಾಲಿನಲ್ಲಿ ಮೆತ್ತನೆ ಕುರ್ಚಿಗಳಿದ್ದವು. ಕಾವಲಿನವನಿಗೆ ಪೇಪರು ಸಾಲಲಿಲ್ಲ. ಹಿಂದಿನ ಗೋಡೆಗೆ ಒರಗದಂತೆ ನಿಂತುಕೊಳ್ಳಿ ಅಂದ. ಹೊಸದಾಗಿ ಬಳಿದ ಬಿಳಿ ಗೋಡೆ. ಒರಗದೆ ನಿಂತೆವು. ಎದುರಿಗೆ ಎತ್ತರದಲ್ಲಿ ಇಬ್ಬರು ಸದಸ್ಯರು, ಒಬ್ಬರು ಹಿರಿಯರು, ಒಬ್ಬರು ಕಿರಿಯರು. ಪಕ್ಕದಲ್ಲಿ ಇಲಾಖೆಯ ವಕೀಲ. ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

ವಕೀಲ ಮೂರು ಪ್ರತಿ ಎತ್ತಿ ಹಿಡಿದ. "ಸ್ವಾಮಿ, ಒಬ್ಬ ಮೇಲ್ಮನವಿದಾರಳು. ಮೂರು ಹೆಬ್ಬೆಟ್ಟು. ಇಂಥ ವಂಚನೆ ನನ್ನ ಇಷ್ಟು ವರ್ಷದ…"

ಸೀನಿದ. ನಮ್ಮ ಸೀರೆಯ ಮೆಣಸಿನ ಧೂಳಿಗೆ ಫ್ಯಾನು ರೆಕ್ಕೆ ಕೊಟ್ಟಿತ್ತು. ವಕೀಲ ಮತ್ತೆ ಬಾಯಿ ತೆರೆದ, ಮತ್ತೆ ಸೀನಿದ. ಕಿರಿಯ ಸದಸ್ಯರು ಸೀನಿದರು. ಹಿರಿಯರು ಮೂಗು ಹಿಡಿದುಕೊಂಡು ತಡೆದರು, ತಡೆಯಲಾಗದೆ ಎಲ್ಲರಿಗಿಂತ ಜೋರಾಗಿ ಸೀನಿದರು. ಸೀನಕ್ಕ ನನ್ನ ಕಿವಿಯಲ್ಲಿ ಅಂದಳು: "ನಾನಿನ್ನೂ ಶುರುನೇ ಮಾಡಿಲ್ಲ, ನೋಡು." ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

"ಇದರಲ್ಲಿ ನಿಮ್ಮ ಹೆಬ್ಬೆಟ್ಟು ಯಾವುದಮ್ಮ?" ಹಿರಿಯರು ಕೇಳಿದರು.

"ಯಾವುದೂ ಅಲ್ಲ ಸ್ವಾಮಿ. ನನ್ನ ಕೈ ಚೀಲದಲ್ಲಿತ್ತು."

"ಮತ್ತೆ ಇವು?"

"ಇವರವು. ಕೈ ಖಾಲಿ ಇತ್ತು, ಒತ್ತಿದ್ರು. ನಮ್ಮಲ್ಲಿ ಹಾಗೇನೇ."

ಸೀನಕ್ಕ, ಹೊಸಬಳು, ಉದ್ದನೆಯವಳು ಮುಂದೆ ಬಂದು ಶಾಲೆಯ ಮಕ್ಕಳ ಹಾಗೆ ಬೆರಳೆತ್ತಿದರು. ಹೊಸಬಳಿಗೆ ಬಿಕ್ಕಳಿಕೆ ಶುರುವಾಗಿತ್ತು. ಕಿರಿಯ ಸದಸ್ಯರು ಮುಖ ಬಗ್ಗಿಸಿ ಏನೋ ಬರೆದರು. ಅವರ ಭುಜ ಅಲುಗುತ್ತಿತ್ತು.

ಅತ್ತೆ ಎರಡು ಹೆಜ್ಜೆ ಮುಂದೆ ಹೋದಳು. "ಸ್ವಾಮಿ, ಇವನ್ನ ಬಿಡಿ. ಕಂಪನಿ ಶುರು ಮಾಡುವಾಗ ಒಂದು ಹೆಬ್ಬೆಟ್ಟು ಒತ್ತಿರ್ಬೇಕಲ್ಲ, ಅದನ್ನ ತೆಗೀರಿ. ಒಂದು ಬಿಳಿ ಹಾಳೆ ಕೊಡಿ. ಇಲ್ಲೇ ನಿಮ್ಮ ಮುಂದೆ ಒತ್ತುತೀನಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ನಂದಾದ್ರೆ ನನ್ನನ್ನ ಒಳಗೆ ಹಾಕಿ. ನಂದಲ್ಲದಿದ್ರೆ ನಮ್ಮ ದುಡ್ಡು ಬಿಡಿ."

ಇದಕ್ಕಿಂತ ಸರಳವಾಗಿ ಯಾರೂ ಹೇಳಲಾರರು ಅಂತ ನನಗನ್ನಿಸಿತು.

"ಅದಕ್ಕೆ ಈ ಮೇಲ್ಮನವೀಲಿ ಅವಕಾಶ ಇಲ್ಲಮ್ಮ," ಅಂದರು ಹಿರಿಯರು. "ನೀವು ಅದನ್ನ ಆಧಾರಗಳಲ್ಲಿ ಎತ್ತಿಲ್ಲ."

"ಕಥೆ ಬರೀಬಾರದು ಅಂದ್ರು."

ವಕೀಲ ಮೂಗೊರೆಸಿಕೊಂಡು ನಕ್ಕ. "ಬೇಕಿದ್ರೆ ನೋಡಲಿ ಸ್ವಾಮಿ. ನನ್ನ ಅಭ್ಯಂತರ ಇಲ್ಲ. ಇವರದಲ್ಲದಿದ್ರೆ ಇನ್ನೊಬ್ಬರದು. ಇವರ ಹೆಸರಲ್ಲಿ ಸುಳ್ಳು ಹೆಬ್ಬೆಟ್ಟು ಒತ್ತಿದವರು. ಕಂಪನಿ ನಡೆಸಿದವರು ಸಿಕ್ಕದಿದ್ರೂ ಒತ್ತಿದವರು ಸಿಗ್ತಾರೆ. ಪೊಲೀಸ್ ಕೇಸು. ಜೈಲು. ಇವರ ಪದ್ಧತಿ ನೋಡಿದ್ರೆ ಆ ವ್ಯಕ್ತಿ ಈ ಹಾಲಲ್ಲೇ ಇದ್ರೂ ಇರಬಹುದು."

ಅವನು ಫೈಲು ತೆರೆದು ನಮ್ಮ ಕಡೆ ತಿರುಗಿಸಿದ.

ಕಂಪನಿಯ ಅರ್ಜಿ. ಮೂಲೆಯಲ್ಲಿ ಅತ್ತೆಯ ಫೋಟೋ. ಅದರ ಕೆಳಗೆ ಹೆಬ್ಬೆಟ್ಟು. ಅದರ ನಡುವೆ ಓರೆಯಾಗಿ ಒಂದು ಬಿಳಿ ಗೆರೆ, ಬೈತಲೆಯ ಹಾಗೆ.

ಒಂಬತ್ತು ಜನಕ್ಕೂ ಒಂದೇ ಸಲ ಕಂಡಿತು. ವಿಮೆ ಅಂತ ಭಾವಮೈದ ಬಂದ ದಿನ ನೀರು ಕುಡಿಯಲು ಎದ್ದವಳು ಅಜ್ಜಿ. ಒಂಬತ್ತನ್ನೂ ಒತ್ತಿದವಳು ಅಜ್ಜಿ.

ಅಜ್ಜಿ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ, ಆ ಮುದುಕಿ, ಸೆರಗಿನಿಂದ ಕೈಯನ್ನು ತಾನೇ ಹೊರಗೆ ತೆಗೆದಳು.

"ಸ್ವಾಮಿ," ಅಂದಳು. "ಅದು ನಂ…"

ಸೀನಕ್ಕ ಸೀನಿದಳು. ಅಂಥ ಸೀನನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಫ್ಯಾನು ನಿಂತ ಹಾಗಾಯಿತು.

"ಅದು ನನ್ನ…" ಅಂದಳು ಅಜ್ಜಿ ಮತ್ತೆ.

ಈ ಸಲ ಉದ್ದನೆಯವಳು ಸೀನಿದಳು. ನಾನು ಸೀನಿದೆ. ಹೊಸಬಳು ಬಿಕ್ಕಳಿಸುತ್ತಲೇ ಸೀನಿದಳು. ಒಬ್ಬಳು ಕೆಮ್ಮಿದಳು, ಒಬ್ಬಳು ಕ್ಯಾಕರಿಸಿದಳು. ಅಜ್ಜಿ ಬಾಯಿ ತೆರೆದಾಗಲೆಲ್ಲ ಏಳು ಮೂಗು ಒಟ್ಟಿಗೆ ಸಿಡಿಯುತ್ತಿದ್ದವು. ಅವಳು ಗದರುತ್ತಾ ನಮ್ಮ ಕಡೆ ತಿರುಗಿದಳು. "ಮಾತಾಡೋಕೆ ಬಿಡ್ರೇ ಮುಂಡೇವಾ!" ನಾವು ಬಿಡಲಿಲ್ಲ. ಕೆಲವು ಸೀನು ನಿಜ, ಕೆಲವು ಸುಳ್ಳು, ಯಾವುದು ಯಾವುದೆಂದು ನಮಗೇ ತಿಳಿಯುತ್ತಿರಲಿಲ್ಲ. ಕಣ್ಣಲ್ಲಿ ನೀರು. ನಗು ಹೊಟ್ಟೆಯಿಂದ ಉಕ್ಕಿ ಮೂಗಿನಲ್ಲಿ ಬರುತ್ತಿತ್ತು. ಕಿರಿಯ ಸದಸ್ಯರು ಕರವಸ್ತ್ರದ ಹಿಂದೆ ಮರೆಯಾದರು. ಹಿರಿಯರು ಮೇಜು ಕುಟ್ಟಿದರು.

"ಶಾಂತಿ! ಏನು ಹೇಳಬೇಕು ಆ ಅಜ್ಜಿಗೆ?"

ಅತ್ತೆ ತಿರುಗಿ ನೋಡಿದಳು. ಅಜ್ಜಿಯ ಕೈ ನೋಡಿದಳು. ಮುಂದಕ್ಕೆ ತಿರುಗಿದಳು.

"ಅವಳಿಗೆ ಉಚ್ಚೆ ಬಂದಿದೆ ಸ್ವಾಮಿ," ಅಂದಳು. "ಮತ್ತೆ, ಆ ಬಿಳಿ ಹಾಳೆ ಬೇಡ. ಹೋಲಿಸೋದು ಬೇಡ."

ಹಿರಿಯರಿಗೆ ನೆಮ್ಮದಿಯಾಯಿತು. "ಹಾಗಾದರೆ ಲೋಪ ಸರಿಪಡಿಸೋಣ. ಮೂರೂ ಪ್ರತಿಗೆ ಈಗ ನೀವೇ ಒತ್ತಿಬಿಡಿ. ಮೇಲ್ಮನವಿ ದಾಖಲಾಗುತ್ತೆ. ಉಳಿದದ್ದನ್ನ ಮುಂದಿನ ಸಲ ನೋಡೋಣ."

ಗುಮಾಸ್ತ ಹೊಸ ಮೂರು ಪ್ರತಿ ತಂದ. ಮಸಿ ಪ್ಯಾಡು ತೆರೆದಿಟ್ಟ. ಅತ್ತೆ ಹೆಬ್ಬೆರಳನ್ನು ಮಸಿಗೆ ಒತ್ತಿದಳು. ಬೆರಳು ಕಾಗದದ ಮೇಲೆ ಬಂತು. ಆಗ ವಕೀಲನಿಗೆ ತಡೆಯಲಾಗಲಿಲ್ಲ. ಅಚ್ಚಾದ ಆ ಒಂದು ವಾಕ್ಯವನ್ನು, ಯಾರೂ ಓದಲ್ಲ ಅಂತ ಗುಮಾಸ್ತ ಅಂದಿದ್ದ ವಾಕ್ಯವನ್ನು, ಗಟ್ಟಿಯಾಗಿ ಓದಿದ.

"ಮೇಲ್ಕಂಡ ಸಂಸ್ಥೆಯ ಮಾಲೀಕಳಾದ ನಾನು. ಒತ್ತಲಿ ಸ್ವಾಮಿ. ಒತ್ತಿದ ಮೇಲೆ ನನ್ನದಲ್ಲ ಅನ್ನೋಕೆ ಏನುಳಿಯುತ್ತೆ? ದಾಖಲೆಗೆ ಇಷ್ಟು ಸಾಕು."

ಅತ್ತೆಯ ಬೆರಳು ಗಾಳಿಯಲ್ಲಿ ನಿಂತಿತು. ಮಸಿ ಇನ್ನೂ ಹಸಿಯಾಗಿತ್ತು.

"ಇದನ್ನ ಹೊಡೆದುಹಾಕಿ ಕೊಡಿ, ಒತ್ತುತೀನಿ."

"ನಿಗದಿತ ನಮೂನೆ," ಅಂದ ಗುಮಾಸ್ತ.

"ಒತ್ತದಿದ್ರೆ ವಜಾ ಮಾಡಬೇಕಾಗುತ್ತಮ್ಮ," ಅಂದರು ಹಿರಿಯರು. "ಬ್ಯಾಂಕಿನ ಹಣ ಹೋಗುತ್ತೆ. ಯೋಚಿಸಿ."

ಅತ್ತೆ ನಮ್ಮ ಕಡೆ ನೋಡಿದಳು. ಹಣ ಅವಳದೊಬ್ಬಳದಲ್ಲ. ಕೇಳಬೇಕಾದ್ದನ್ನು ಕಣ್ಣಲ್ಲೇ ಕೇಳಿದಳು. ನಾನು ಶೆಡ್ಡನ್ನು ನೆನೆದೆ. ಅದರ ತಗಡು, ಅದರ ಒಂದು ಕಿಟಕಿ. ನನಗೆ ಆ ಕಿಟಕಿ ಬೇಕಿತ್ತು. ಸೀನಕ್ಕ ಗಲ್ಲ ಎತ್ತಿದಳು. ಉದ್ದನೆಯವಳು ತಲೆ ಅಲ್ಲಾಡಿಸಿದಳು. ಹೊಸಬಳು ಬಿಕ್ಕಳಿಸಿದಳು, ಅದೂ ಒಪ್ಪಿಗೆಯೇ. ನಾನೂ ತಲೆ ಅಲ್ಲಾಡಿಸಿದೆ.

"ಒತ್ತಲ್ಲ," ಅಂದಳು ಅತ್ತೆ.

"ಏನು?"

"ಒತ್ತಲ್ಲ. ಇಷ್ಟು ವರ್ಷ ನನ್ನ ಹೆಸರಲ್ಲಿ ಎಲ್ಲರೂ ಒತ್ತಿದಾರೆ. ಕೂಲಿಗೆ ಒತ್ತಿದಾರೆ, ವಿಮೆಗೆ ಒತ್ತಿದಾರೆ, ನಿಮಗೂ ಒತ್ತಿದಾರೆ. ನಾನೇ ಒತ್ತಿದ್ದು ಒಂದೂ ಇಲ್ಲ. ಮೊದಲನೇ ಸಲ ಒತ್ತೋದನ್ನ ನಿಮ್ಮ ಸುಳ್ಳಿಗೆ ಒತ್ತಲ್ಲ. ಮಾಲೀಕಳಂತೆ! ನಿಮ್ಮ ಕುರ್ಚಿ ಮೇಲೆ ಕೂರೋಕೆ ಪೇಪರ್ ಹಾಸ್ತೀರಿ, ಹಾಳೆ ಮೇಲೆ ಮಾತ್ರ ನಾನು ಮಾಲೀಕಳು. ಕಂಪನಿ ನೀವೇ ಇಟ್ಕೊಳ್ಳಿ. ಕಬ್ಬಿಣಾನೂ ನೀವೇ ಇಟ್ಕೊಳ್ಳಿ."

"ವಜಾ," ಅಂದರು ಹಿರಿಯರು. ಬರೆದುಕೊಂಡರು. ಅಷ್ಟೇ.

ಅತ್ತೆ ಮಸಿ ಬೆರಳನ್ನು ಎತ್ತಿ ಹಿಡಿದುಕೊಂಡೇ ನಮ್ಮತ್ತ ನಡೆದು ಬಂದಳು. ಸೀರೆಗೆ ಒರೆಸಬೇಕಿತ್ತು. ಒರೆಸಲಿಲ್ಲ. ಬಾಗಿಲ ಪಕ್ಕದ ಬಿಳಿ ಗೋಡೆಯ ಮುಂದೆ ನಿಂತಳು. ಕಾವಲಿನವನು "ಏಯ್" ಅನ್ನುವಷ್ಟರಲ್ಲಿ ಒತ್ತಿದಳು. ನಿಧಾನವಾಗಿ, ಬೆರಳನ್ನು ಈ ಕಡೆಯಿಂದ ಆ ಕಡೆಗೆ ಉರುಳಿಸಿ.

"ಇದು ನಂದು," ಅಂದಳು. "ನೋಡ್ಕೊಳ್ಳಿ."

ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳಲು ನನಗೆ ಬರುವುದಿಲ್ಲ. ಸೀನಕ್ಕ ಮೇಜಿನ ಮೇಲಿನ ಮಸಿ ಪ್ಯಾಡನ್ನು ಎತ್ತಿಕೊಂಡು ಬಂದಿದ್ದಳು. ಯಾವಾಗ ಹೋದಳು, ಯಾವಾಗ ಬಂದಳು, ದೇವರೇ ಬಲ್ಲ. ಅವಳು ಒತ್ತಿದಳು. ಉದ್ದನೆಯವಳು ಯಾರಿಗೂ ಎಟುಕದ ಎತ್ತರದಲ್ಲಿ ಒತ್ತಿದಳು. ನಾನು ಸಹಿ ಬರುವವಳು, ನಾನೂ ಒತ್ತಿದೆ. ಗೋಡೆ ತಣ್ಣಗಿತ್ತು. ಹೊಸಬಳು ಒಂದು ಒತ್ತಿ, ಚೆನ್ನಾಗಿ ಬರಲಿಲ್ಲ ಅಂತ ಇನ್ನೊಂದು ಒತ್ತಿದಳು. ಕಾವಲಿನವನು ಒಬ್ಬಳನ್ನು ಹಿಡಿದರೆ ಇನ್ನೊಬ್ಬಳು ಒತ್ತುತ್ತಿದ್ದಳು. ವಕೀಲ ಸೀನುತ್ತಾ ಕೂಗುತ್ತಿದ್ದ. ನಗು ಬಂದರೆ ನಮಗೆ ಕೈಕಾಲು ನಿಲ್ಲುವುದಿಲ್ಲ.

"ನಾನು?" ಅಜ್ಜಿ ಕೇಳಿದಳು. ಅವಳೊಬ್ಬಳೇ ನಗುತ್ತಿರಲಿಲ್ಲ.

"ನೀನೂ ಒತ್ತು," ಅಂದಳು ಅತ್ತೆ.

ಅಜ್ಜಿ ಒತ್ತಿದಳು. ಬಿಳಿ ಗೆರೆ ಸ್ಪಷ್ಟವಾಗಿ ಮೂಡಿತು. ಅತ್ತೆ ಅದರ ಮೇಲೆ ತನ್ನದನ್ನು ಒತ್ತಿದಳು. ಅದರ ಮೇಲೆ ಸೀನಕ್ಕ. ಅದರ ಮೇಲೆ ನಾನು. ಎಂಟೂ ಜನ ಒತ್ತಿದೆವು. ಗೆರೆ ಹೋಯಿತು. ಅಂಗೈಯಷ್ಟು ಅಗಲದ ಒಂದು ಕಪ್ಪು ಮಚ್ಚೆ ಉಳಿಯಿತು.

"ಹುಡುಕ್ಕೊಳ್ರಯ್ಯಾ ಈಗ!" ಅಂತ ಅಜ್ಜಿ ಕೂಗಿದಳು. ಆಗ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ.

ಓಡಿದೆವು. ಮೆಟ್ಟಿಲು, ನುಣುಪು ನೆಲ, ಹಳದಿ ಗೆರೆ. ಗೇಟಿನ ಹೊರಗೆ ಬಿದ್ದು ಎದ್ದು, ಮತ್ತೊಂದು ಬೀದಿಯವರೆಗೆ ಓಡಿ, ಯಾರದೋ ಅಂಗಡಿಯ ಕಟ್ಟೆ ಮೇಲೆ ಕುಸಿದೆವು. ಉಸಿರು ಸಿಗುತ್ತಿರಲಿಲ್ಲ. ಹೊಸಬಳ ಬಿಕ್ಕಳಿಕೆ ನಿಂತಿತ್ತು. ಸೀನಕ್ಕ ಮೂಗೊರೆಸಿಕೊಂಡು ಹೇಳಿದಳು: "ಅಲ್ಲ ಕಣ್ರೇ, ಅವತ್ತು ಅಜ್ಜಿ ಒತ್ತಿದ್ದು ಒಂಬತ್ತು. ಅಂದ್ರೆ ಇನ್ನೂ ಎಂಟು ಕಂಪನಿ ಇರ್ಬೇಕು. ನಾವೆಲ್ಲ ಓನರಮ್ಮಂದಿರೇ." ಮತ್ತೆ ನಕ್ಕೆವು. ಬೆನ್ನು ತಣ್ಣಗಾಗುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ.

ಸಂಜೆ ಗೋದಾಮಿಗೆ ಹೋದಾಗ ನಮ್ಮ ದಬ್ಬಳಗಳು ಬಾಗಿಲ ಹೊರಗೆ ಒಂದು ಹರಿದ ಚೀಲದಲ್ಲಿ ಬಿದ್ದಿದ್ದವು. ಒಳಗೆ ಬೇರೆ ಹೆಂಗಸರು ಕೂತಿದ್ದರು. ಗೋಡೆಯ ದಂಡದ ಕಾಗದ ಆಮೇಲೆ ಬಂತು, ಅತ್ತೆಯ ಹೆಸರಿಗೆ. ಆ ಕಾಗದದಲ್ಲಿ ಅವಳನ್ನು ಮಾಲೀಕಳು ಅಂತ ಕರೆದಿರಲಿಲ್ಲ.

ಹೋದದ್ದು ಇಷ್ಟು. ಬ್ಯಾಂಕಿನಲ್ಲಿದ್ದ ಒಂಬತ್ತು ಜನರ ಉಳಿತಾಯ. ಒಂದು ಹೊಲಿಗೆ ಮಷೀನು. ಒಂದು ಕಿಟಕಿಯ ಶೆಡ್ಡು. ಒಂಬತ್ತು ಕೆಲಸ. ಆ ವಾರದ ಕೂಲಿ. ಗೋಡೆಗೆ ಎರಡು ಕೋಟು ಬಣ್ಣ. ಓಡುವಾಗ ಅಜ್ಜಿಯ ಒಂದು ಚಪ್ಪಲಿ, ಎಡಗಾಲಿನದು.